ಧ್ವನಿಸಂರಕ್ಷಣೆ ಮತ್ತು ಯಾಥಾರ್ಥ್ಯ



ಪ್ರಹ್ಲಾದರಾಜರು ತಂದೆಯೆದುರು ನವವಿಧ ಭಕ್ತಿಯನ್ನು ಎಣಿಸುವಾಗ ಶ್ರವಣವನ್ನೇ ಮೊದಲಿಗೆ ಇಟ್ಟರೆಂಬುದು ತಮಗೆಲ್ಲ ವಿದಿತವೇ ಆಗಿದೆ. ಕೇಳದವನು ಏನನ್ನು ಕೀರ್ತಿಸಿಯಾನು, ಏನನ್ನು ಸ್ಮರಿಸಿಯಾನು? ಉಳಿದ ಎಂಟಕ್ಕೂ ಶ್ರವಣವೇ ಬಾಗಿಲು. ಆದರೆ ಈ ಬಾಗಿಲಿಗೆ ಒಂದು ಸ್ವಭಾವವಿದೆ. ಕಣ್ಣಿಗೆ ಕಂಡ ವಿಗ್ರಹ ನಾಳೆಯೂ ಗರ್ಭಗುಡಿಯಲ್ಲಿರುತ್ತದೆ, ಓದಿದ ಪುಸ್ತಕ ನಾಳೆಯೂ ಕಪಾಟಿನಲ್ಲಿರುತ್ತದೆ. ಕಿವಿಗೆ ಬಿದ್ದ ಧ್ವನಿ ಮಾತ್ರ ಬಿದ್ದ ಕ್ಷಣದಲ್ಲೇ ಅಳಿದುಹೋಗುತ್ತದೆ. ಅಳಿಯುವ ಈ ವಸ್ತುವನ್ನು ಉಳಿಸಿಕೊಳ್ಳುವ ಸಾಧನಗಳು ಈಚಿನ ಒಂದೂವರೆ ಶತಮಾನದಲ್ಲಿ ಮನುಷ್ಯನ ಕೈಗೆ ಬಂದಿವೆ. ಬಂದ ಸಾಧನಗಳೇ ಈಗ ಒಂದೊಂದಾಗಿ ಜೀರ್ಣವಾಗುತ್ತಿವೆ. ಹೀಗಿರುವಾಗ ನಮ್ಮ ಕರ್ತವ್ಯವೇನೆಂಬುದನ್ನು ಶಾಸ್ತ್ರದೃಷ್ಟಿಯಿಂದ ಸ್ವಲ್ಪ ವಿಚಾರಿಸೋಣ.

ನಮ್ಮ ಸಿದ್ಧಾಂತದಲ್ಲಿ ವರ್ಣವೇ ಬೇರೆ, ಧ್ವನಿಯೇ ಬೇರೆ. ವರ್ಣಗಳು ನಿತ್ಯ, ಸರ್ವಗತ. ಧ್ವನಿಯು ಆಕಾಶದ ಗುಣ, ಅನಿತ್ಯ. ಅದು ವರ್ಣವನ್ನು ಅಭಿವ್ಯಕ್ತಗೊಳಿಸಿ ತಾನು ಮರೆಯಾಗುತ್ತದೆ. ಕತ್ತಲ ಕೋಣೆಗೆ ತಂದ ದೀಪ ಅಲ್ಲಿರುವ ಬಿಂದಿಗೆಯನ್ನು ತೋರಿಸುತ್ತದೆಯೇ ಹೊರತು ಬಿಂದಿಗೆಯನ್ನು ಹುಟ್ಟಿಸುವುದಿಲ್ಲ. ದೀಪ ಆರಿದರೆ ಬಿಂದಿಗೆ ನಾಶವಾಗುವುದೂ ಇಲ್ಲ. ಆದ್ದರಿಂದ ಅಪೌರುಷೇಯವಾದ ವೇದವನ್ನು ಯಂತ್ರವೊಂದು ಕಾಪಾಡಬೇಕೆಂಬ ಭಯ ನಮಗಿಲ್ಲ. ಹಾಗಾದರೆ ಹಳೆಯ ಧ್ವನಿಮುದ್ರಿಕೆಗಳು ಹಾಳಾದರೆ ನಷ್ಟವೇನು? ನಷ್ಟವಾಗುವುದು ಆ ದೀಪ. ಇಂಥ ಊರಿನಲ್ಲಿ, ಇಂಥ ಶಾಖೆಯವರು, ಇಂಥ ಸ್ವರಕ್ರಮದಲ್ಲಿ ಹೇಳುತ್ತಿದ್ದರು ಎಂಬುದು. ಒಬ್ಬ ಪಂಡಿತರು ಪೂರ್ವಪಕ್ಷವನ್ನು ಎಷ್ಟು ಗೌರವದಿಂದ ಮಂಡಿಸಿ ಅನಂತರ ಹೇಗೆ ಕಳಚುತ್ತಿದ್ದರು ಎಂಬುದು. ಅಜ್ಜಿಯೊಬ್ಬರು ಬೆಳಗಿನ ಝಾವ ಲಕ್ಷ್ಮೀಶೋಭಾನವನ್ನು ಯಾವ ಧಾಟಿಯಲ್ಲಿ ಹೇಳುತ್ತಿದ್ದರು ಎಂಬುದು. ಇವು ಪುಸ್ತಕದಲ್ಲಿಲ್ಲ.

ಪುಸ್ತಕ ಮಾತ್ರ ಉಳಿದು ಧ್ವನಿ ಹೋದರೆ ಏನಾಗುತ್ತದೆ ಎಂಬುದಕ್ಕೆ ದಾಸಸಾಹಿತ್ಯಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಶ್ರೀ ಪುರಂದರದಾಸರು 1564ರಲ್ಲಿ ಹರಿಪಾದವನ್ನು ಸೇರಿದರು. ಅವರ ಮತ್ತು ಇತರ ದಾಸರ ಪದಗಳು ತಾಳೆಗರಿಗಳಲ್ಲಿಯೂ, ಹಾಡುವವರ ಬಾಯಲ್ಲಿಯೂ ಉಳಿದು ಬಂದವು. 1850ರಲ್ಲಿ ಮಂಗಳೂರಿನಲ್ಲಿ ಮೋಗ್ಲಿಂಗ್ ಎಂಬ ಜರ್ಮನ್ ಪಾದ್ರಿ ದಾಸರ ಪದಗಳನ್ನು ಕಲೆಹಾಕಿ ಅಚ್ಚು ಹಾಕಿಸಿದನು. ಪರಮತದವನಾದರೂ ಆ ಕೆಲಸಕ್ಕಾಗಿ ಅವನನ್ನು ನಾವು ನೆನೆಯಬೇಕು. ಸಾಹಿತ್ಯ ಉಳಿಯಿತು, ಮಟ್ಟು ಉಳಿಯಲಿಲ್ಲ. ಇಂದು ನಾವು ಕೇಳುವ ದೇವರನಾಮಗಳಲ್ಲಿ ಬಹುಪಾಲಿನ ರಾಗವಿನ್ಯಾಸ ಈಚಿನ ಗಾಯಕರದು. ಅದು ಇಂಪಾಗಿಯೇ ಇದೆ, ಆಕ್ಷೇಪವಿಲ್ಲ. ಆದರೆ ದಾಸರೇ ತಂಬೂರಿ ಮೀಟುತ್ತ ಹೇಗೆ ಹಾಡಿದರೆಂಬುದನ್ನು ತಿಳಿಯುವ ಬಾಗಿಲು ಮುಚ್ಚಿಹೋಗಿದೆ, ಇನ್ನು ತೆರೆಯುವಂತಿಲ್ಲ.

ದಾಸರ ಕಾಲಕ್ಕೆ ಯಂತ್ರವಿರಲಿಲ್ಲ. ಅದು ಹುಟ್ಟಿದ್ದು 1877ರಲ್ಲಿ, ಅಮೆರಿಕದ ಎಡಿಸನ್ನನ ಕೈಯಲ್ಲಿ. (ಗ್ರಾಮೊಫೋನಿನಲ್ಲಿ ಮೊಟ್ಟಮೊದಲು ಮುದ್ರಿತವಾದದ್ದು ಋಗ್ವೇದದ ಮೊದಲ ಮಂತ್ರವೆಂದೂ, ಅದನ್ನು ಹೇಳಿದವರು ಮ್ಯಾಕ್ಸ್ ಮುಲ್ಲರರೆಂದೂ ಒಂದು ಕಥೆ ನಮ್ಮವರಲ್ಲಿ ಬಹಳ ಓಡಾಡುತ್ತದೆ. ಅದಕ್ಕೆ ಆಧಾರವಿಲ್ಲ. ಎಡಿಸನ್ ಮೊದಲು ಹೇಳಿದ್ದು ಮಕ್ಕಳ ಪದ್ಯವೊಂದನ್ನು. ವೇದದ ಹಿರಿಮೆಗೆ ಇಂಥ ಊರುಗೋಲು ಬೇಕಿಲ್ಲ.) ನಿಜವಾಗಿ ನಡೆದದ್ದು ಕಥೆಗಿಂತ ಕಡಿಮೆಯದೇನಲ್ಲ. ಆಸ್ಟ್ರಿಯಾ ದೇಶದ ವಿಯೆನ್ನಾದಲ್ಲಿ 1899ರಲ್ಲಿ ಜಗತ್ತಿನ ಪ್ರಥಮ ಧ್ವನಿಭಂಡಾರ ಸ್ಥಾಪಿತವಾಯಿತು. ಅಲ್ಲಿಂದ ಫೆಲಿಕ್ಸ್ ಎಕ್ಸ್‌ನರ್ ಎಂಬ ಹವಾಮಾನಶಾಸ್ತ್ರಜ್ಞರು 1904-05ರಲ್ಲಿ ಯಂತ್ರವನ್ನು ಹೊತ್ತು ಭಾರತಕ್ಕೆ ಬಂದು ವೇದಪಾಠವನ್ನೂ ಸಂಸ್ಕೃತ ಶ್ಲೋಕಗಳ ಪಠನವನ್ನೂ ಮೇಣದ ಬಿಲ್ಲೆಗಳ ಮೇಲೆ ಮುದ್ರಿಸಿಕೊಂಡರು. ಮೇಣ ಸವೆಯುವ ವಸ್ತುವಾದ್ದರಿಂದ ಆ ಭಂಡಾರದವರು ಅದರಿಂದ ಲೋಹದ ಅಚ್ಚನ್ನು ತೆಗೆದು ಇಡುತ್ತಿದ್ದರು. ಶತಮಾನದ ಹಿಂದಿನ ಧ್ವನಿಗಳು ಅಲ್ಲಿ ಇಂದಿಗೂ ಉಳಿದಿರುವುದಕ್ಕೆ ಆ ಮುಂದಾಲೋಚನೆಯೇ ಕಾರಣ. ಯುನೆಸ್ಕೋ ಸಂಸ್ಥೆ 1999ರಲ್ಲಿ ಆ ಸಂಗ್ರಹವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು.

ವ್ಯಾಪಾರಕ್ಕಾಗಿ ಮುದ್ರಣ ಶುರುವಾದದ್ದು 1902ರಲ್ಲಿ, ಕಲಕತ್ತೆಯಲ್ಲಿ. ಗೈಸ್‌ಬರ್ಗ್ ಎಂಬವನು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡನ್ನು ಮುದ್ರಿಸಿದನು. ಹಾಡು ಮುಗಿದ ಕೂಡಲೆ ಆಕೆ ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಗಟ್ಟಿಯಾಗಿ ಹೇಳುತ್ತಾಳೆ. ಕೇಳುವವರು ಇದನ್ನು ಠೀವಿ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ಆ ಮುದ್ರಿಕೆ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ಅಲ್ಲಿನ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲು ಹೆಸರು ಧ್ವನಿಯೊಳಗೇ ಇರಬೇಕಿತ್ತು. ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ದಾಸರ ಅಂಕಿತ. ತಾಳೆಗರಿ ಹರಿಯಬಹುದು, ಕಟ್ಟು ಬಿಚ್ಚಿಹೋಗಬಹುದು. ಆದರೆ ಪದದ ಕೊನೆಯ ಸಾಲಿನಲ್ಲಿ ಅಂಕಿತವಿರುವ ತನಕ ಆ ಪದ ಅನಾಥವಾಗದು. ಈ ಮಾತನ್ನು ಮುಂದೆ ಮತ್ತೆ ಎತ್ತಿಕೊಳ್ಳುತ್ತೇನೆ.

ಆ ಕಾಲದ ರೆಕಾರ್ಡು ಅರಗಿನದು. ಮರದ ಮೇಲಿನ ಕೀಟ ಸ್ರವಿಸುವ ಅರಗಿನಿಂದ ಆದ ಬಿಲ್ಲೆ. ಕೈತಪ್ಪಿದರೆ ಹಪ್ಪಳದಂತೆ ಒಡೆಯುತ್ತದೆ. ಹತ್ತು ಅಂಗುಲದ ಬಿಲ್ಲೆಯ ಒಂದು ಪಕ್ಕದಲ್ಲಿ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷ. ಅನೇಕ ಚರಣಗಳ ಪದ ಅದರಲ್ಲಿ ಪಲ್ಲವಿಗೂ ಒಂದೆರಡು ಚರಣಗಳಿಗೂ ಇಳಿದುಬಿಡುತ್ತಿತ್ತು. ಹಳೆಯ ರೆಕಾರ್ಡನ್ನು ಕೇಳಿ ಹಿಂದಿನವರು ಇಷ್ಟೇ ಹಾಡುತ್ತಿದ್ದರೆಂದು ತೀರ್ಮಾನಿಸಲಾಗದು. ಬಿಲ್ಲೆ ಹಿಡಿದದ್ದು ಅಷ್ಟು. ಅನಂತರ ಕಾಂತೀಯ ಟೇಪು ಬಂತು. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಕ್ಯಾಸೆಟ್ಟನ್ನು ಹೊರತಂದ ಮೇಲೆ ಧ್ವನಿಮುದ್ರಣವೆಂಬುದು ಕಂಪನಿಗಳ ಕೈಯಿಂದ ಗೃಹಸ್ಥರ ಕೈಗೆ ಬಂತು. ಮಾಟುಂಗಾದಲ್ಲಿಯೋ ಪುಣೆಯಲ್ಲಿಯೋ ತ್ಯಾಗರಾಯನಗರದಲ್ಲಿಯೋ ಚಾತುರ್ಮಾಸ್ಯಕ್ಕೆ, ಸಪ್ತಾಹಕ್ಕೆ ಆಚಾರ್ಯರೊಬ್ಬರು ಬಂದರೆಂದರೆ ವ್ಯಾಸಪೀಠದ ಕೆಳಗೆ ಹತ್ತು ಟೇಪ್‌ರೆಕಾರ್ಡರುಗಳು ಸಾಲಾಗಿ ಕುಳಿತಿರುತ್ತಿದ್ದವು. ನಲವತ್ತೈದು ನಿಮಿಷಕ್ಕೊಮ್ಮೆ ಹತ್ತೂ ಯಂತ್ರಗಳು ಟಕ್ಕೆಂದು ನಿಲ್ಲುತ್ತಿದ್ದವು. ಎಲ್ಲರೂ ಮಗ್ಗುಲು ಬದಲಾಯಿಸುವ ತನಕ ಪ್ರವಚನಕಾರರು ನಸುನಕ್ಕು ಕಾಯುತ್ತಿದ್ದರು. ಬನ್ನಂಜೆ ಗೋವಿಂದಾಚಾರ್ಯರ ಪ್ರವಚನಗಳು ಹೀಗೆ ಊರೂರಿಗೆ ಹರಡಿದವು. 2020ರಲ್ಲಿ ಅವರು ತೀರಿಕೊಂಡರು. 2019ರಲ್ಲಿ ಪೇಜಾವರದ ಶ್ರೀವಿಶ್ವೇಶತೀರ್ಥರು ಹರಿಪಾದ ಸೇರಿದರು. ಪ್ರಸಿದ್ಧರ ಧ್ವನಿಯನ್ನು ಹೇಗೋ ಯಾರೋ ಉಳಿಸಿಯಾರು. ಹೆಸರಾಗದ ಪಂಡಿತರ, ಊರಿನ ಪುರಾಣಿಕರ, ಮನೆಯ ಹೆಂಗಸರ ಧ್ವನಿ ಇರುವುದು ನಮ್ಮ ನಿಮ್ಮ ಮನೆಯ ಅಟ್ಟದ ಮೇಲಿನ ಬೂಟಿನ ಡಬ್ಬಿಯಲ್ಲಿ.

ಆ ಡಬ್ಬಿಯೊಳಗೆ ಏನು ನಡೆಯುತ್ತಿದೆ? ಟೇಪೆಂಬುದು ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ಪುಡಿ. ಧ್ವನಿ ಇರುವುದು ಆ ಪುಡಿಯ ಕಾಂತತ್ವದಲ್ಲಿ. ಅಂಟು ಗಾಳಿಯ ತೇವವನ್ನು ಹೀರುತ್ತದೆ. ಮುಂಬಯಿ, ಚೆನ್ನೈಗಳಂಥ ಕಡಲ ಊರುಗಳಲ್ಲಿ ಟೇಪಿಗೆ ಬೂಷ್ಟು ಹಿಡಿಯುತ್ತದೆ. ಕೆಲವು ಬಗೆಯ ದೊಡ್ಡ ಸುರುಳಿಗಳಲ್ಲಿ ಅಂಟು ಜಿಗುಟಾಗಿ, ಸುತ್ತಿಗೆ ಸುತ್ತು ಕಚ್ಚಿಕೊಂಡು, ನುಡಿಸಹೋದರೆ ಪುಡಿಯೇ ಎದ್ದು ಬರುತ್ತದೆ. ಅಂಥವನ್ನು ತಜ್ಞರು ಐವತ್ತು ಡಿಗ್ರಿಯ ಆಸುಪಾಸಿನ ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ತೇವ ಮತ್ತೆ ಸೇರುವ ಮುನ್ನ ಪ್ರತಿ ತೆಗೆಯುತ್ತಾರೆ. ಮನೆಯ ಒಲೆಯಲ್ಲಿ ಮಾಡುವ ಕೆಲಸವಲ್ಲ ಇದು. ಕ್ಯಾಸೆಟ್ಟಿನಲ್ಲಿ ಟೇಪನ್ನು ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಉದುರಿಹೋಗಿರುತ್ತದೆ. ಅದನ್ನು ಮತ್ತೆ ಅಂಟಿಸದೆ ನುಡಿಸಿದರೆ ಸ್ವರ ಮಸುಕಾಗಿ ಕೇಳುತ್ತದೆ. ಇದೆಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಟೇಪು ಚೆನ್ನಾಗಿದ್ದರೂ ಅದನ್ನು ನುಡಿಸುವ ಒಳ್ಳೆಯ ಯಂತ್ರವೂ, ಆ ಯಂತ್ರವನ್ನು ರಿಪೇರಿ ಮಾಡಬಲ್ಲ ಕೈಗಳೂ ವಿರಳವಾಗಿರುವುದು. ಓದಲು ಬಾರದ ಲಿಪಿಯ ತಾಳೆಗರಿಯಂತಾಗಿದೆ ನಮ್ಮ ಕ್ಯಾಸೆಟ್ಟು.

ಆದ್ದರಿಂದ ಇವನ್ನು ಅಂಕರೂಪಕ್ಕೆ, ಅಂದರೆ ಡಿಜಿಟಲ್ ರೂಪಕ್ಕೆ, ತಂದು ಭಂಡಾರಗಳಲ್ಲಿಡುವ ಕೆಲಸ ಲೋಕದಲ್ಲೆಲ್ಲ ನಡೆದಿದೆ. ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಯಾಗಿ ಬರೆದಿಡುವುದೇ ಇದರ ಮರ್ಮ. ಸಂಗೀತದ ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಬಾರಿ ಅಳೆದರೆ, ಸಂರಕ್ಷಣೆಗೆಂದೇ ಮಾಡುವ ಪ್ರತಿಯಲ್ಲಿ 96,000 ಬಾರಿ ಅಳೆಯುವುದು ಧ್ವನಿಭಂಡಾರಗಳಲ್ಲಿ ರೂಢಿಯಾಗಿದೆ. ಒಂದು ಗಂಟೆಯ ಪ್ರವಚನ ಹೀಗೆ ಸುಮಾರು ಒಂದು ಗಿಗಾಬೈಟ್ ಜಾಗ ಹಿಡಿಯುತ್ತದೆ. ಮೊಬೈಲಿನಲ್ಲಿ ಕಳುಹಿಸಲು ಕುಗ್ಗಿಸಿದ ಎಂ.ಪಿ.3 ಪ್ರತಿ ಕೇಳಲು ಸಾಕು, ಕಾಪಾಡಲು ಸಾಲದು. ಕುಗ್ಗಿಸುವಾಗ ಬಿಟ್ಟದ್ದು ಮರಳಿ ಬಾರದು.

ಇಷ್ಟು ಯಂತ್ರದ ಮಾತಾಯಿತು. ಶಾಸ್ತ್ರದ ಮಾತು ಇಲ್ಲಿಂದ.

ಶ್ರೀಮದಾಚಾರ್ಯರು ಮಹಾಭಾರತತಾತ್ಪರ್ಯನಿರ್ಣಯದ ದ್ವಿತೀಯಾಧ್ಯಾಯದಲ್ಲಿ ಗ್ರಂಥಗಳು ಕೆಡುವ ಬಗೆಯನ್ನು ವಿವರಿಸಿದ್ದಾರೆ. ಕೆಲವರು ಇಲ್ಲದ್ದನ್ನು ಸೇರಿಸುವರು, ಕೆಲವರು ಇದ್ದದ್ದನ್ನು ಬಿಡುವರು, ಕೆಲವರು ಹಿಂದುಮುಂದಾಗಿಸುವರು, ಇನ್ನು ಕೆಲವೆಡೆ ಕೇವಲ ಅನವಧಾನದಿಂದ ಪಾಠ ಬೇರೆಯಾಗುವುದು, ಎಂದು ಅವರ ಅಭಿಪ್ರಾಯ. ಪ್ರಕ್ಷೇಪ, ಲೋಪ, ವ್ಯತ್ಯಾಸ, ಪ್ರಮಾದ. ಆದ್ದರಿಂದಲೇ ಬೇರೆ ಬೇರೆ ದೇಶಗಳ ಪ್ರತಿಗಳನ್ನು ನೋಡಿ ನಿರ್ಣಯಿಸಬೇಕಾಯಿತು. ಏಳು ಶತಮಾನಗಳ ಹಿಂದೆ ಹಸ್ತಪ್ರತಿಯ ವಿಷಯವಾಗಿ ಆಡಿದ ಈ ಮಾತು ಇಂದಿನ ಧ್ವನಿಶೋಧನೆಗೆ ಅಕ್ಷರಶಃ ಸಲ್ಲುತ್ತದೆ. ಹಳೆಯ ಮುದ್ರಿಕೆಯನ್ನು ‘ಶುದ್ಧಗೊಳಿಸುತ್ತೇವೆ’ ಎಂದು ಹೊರಟವರು ಮಾಡುವ ಅಪಚಾರಗಳೂ ಈ ನಾಲ್ಕೇ.

ಪ್ರಕ್ಷೇಪವನ್ನು ನೀವೇ ಕೇಳಿರುತ್ತೀರಿ. ಒಬ್ಬ ವೃದ್ಧರು ನಿರಾಡಂಬರವಾಗಿ ಹೇಳಿದ ಸ್ತೋತ್ರದ ಹಿಂದೆ ತಂಬೂರಿ, ಕೊಳಲು, ಗುಹೆಯೊಳಗಿನ ಪ್ರತಿಧ್ವನಿ ಸೇರಿಸಿ ಮಾರುತ್ತಾರೆ. ಈಗಂತೂ ಕೃತಕಬುದ್ಧಿಯ ಯಂತ್ರಗಳು ಬಂದಿವೆ. ಮುದ್ರಿಕೆಯಲ್ಲಿ ಹಾಳಾದ ಭಾಗವನ್ನು ಅವು ಊಹಿಸಿ ತುಂಬಬಲ್ಲವು. ಕೇಳಲು ಸೊಗಸು. ಆದರೆ ಆ ತುಂಬಿದ ಧ್ವನಿಯನ್ನು ಆ ಆಚಾರ್ಯರು ಎಂದೂ ಉಚ್ಚರಿಸಲಿಲ್ಲ. ವ್ಯತ್ಯಾಸವೂ ಸುಲಭ: ಹಳೆಯ ಅರಗಿನ ರೆಕಾರ್ಡುಗಳೆಲ್ಲ ನಿಮಿಷಕ್ಕೆ ಸರಿಯಾಗಿ 78 ಸುತ್ತು ತಿರುಗುತ್ತಿರಲಿಲ್ಲ, ವೇಗ ತಪ್ಪಿದರೆ ಶ್ರುತಿಯೇ ಏರಿ, ಗಂಭೀರ ಕಂಠವೂ ಕೀಚಲಾಗುತ್ತದೆ.

ಲೋಪದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಟೇಪಿನಲ್ಲಿ ‘ಸ್ಸ್’ ಎಂಬ ನಿರಂತರ ಸದ್ದು ಇರುವುದು ಸರಿಯಷ್ಟೆ. ಯಂತ್ರಕ್ಕೆ ಆ ಸದ್ದಿನ ಗುರುತು ಹಿಡಿಸಿ ತೆಗೆದುಹಾಕು ಎಂದು ಆಜ್ಞಾಪಿಸುತ್ತಾರೆ. ಶಿಕ್ಷಾಶಾಸ್ತ್ರದಲ್ಲಿ ವರ್ಣಗಳನ್ನು ನಾದದಿಂದ ಹುಟ್ಟುವವು, ಶ್ವಾಸದಿಂದ ಹುಟ್ಟುವವು ಎಂದು ವಿಂಗಡಿಸಿದ್ದಾರೆ. ಶ, ಷ, ಸಗಳೂ ವಿಸರ್ಗವೂ ಜಿಹ್ವಾಮೂಲೀಯ ಉಪಧ್ಮಾನೀಯಗಳೂ ಶ್ವಾಸದಿಂದ ಹುಟ್ಟುವವು. ಅಲ್ಲಿ ಕಂಠದ ನಾದವಿಲ್ಲ, ಬರೀ ಉಸಿರು. ಯಂತ್ರದ ಕಿವಿಗೆ ಟೇಪಿನ ಸದ್ದೂ ಅದೇ ಜಾತಿಯದು. ಹತೋಟಿಯಿಲ್ಲದೆ ಶೋಧಿಸಿದರೆ ಮೊದಲು ಮಾಯವಾಗುವುದು ವಿಸರ್ಗ. ‘ರಾಮಃ’ ಎಂದದ್ದು ‘ರಾಮ’ ಎಂದು ಕೇಳುತ್ತದೆ. ಪ್ರಥಮೆ ಹೋಗಿ ಸಂಬೋಧನೆಯಾಯಿತು! ರಾಮನ ವಿಷಯವನ್ನು ಹೇಳುತ್ತಿದ್ದವರು ರಾಮನನ್ನು ಕೂಗಿ ಕರೆದಂತಾಯಿತು. ತ್ವಷ್ಟೃವಿನ ಯಜ್ಞದಲ್ಲಿ ‘ಇಂದ್ರಶತ್ರು’ ಶಬ್ದದ ಸ್ವರವೊಂದು ಸ್ಥಾನ ತಪ್ಪಿದ್ದಕ್ಕೆ ಇಂದ್ರನನ್ನು ಕೊಲ್ಲಬೇಕಾದವನು ಇಂದ್ರನಿಂದ ಕೊಲ್ಲಲ್ಪಡುವವನಾದನೆಂಬ ಕಥೆಯನ್ನು ಬಲ್ಲ ನಮಗೆ ಇದು ಸಣ್ಣ ವಿಷಯವೆನಿಸಬಾರದು. ಅಲ್ಲಿ ಹೇಳಿದವನ ತಪ್ಪಿತ್ತು. ಇಲ್ಲಿ ಹೇಳಿದವರು ಸರಿಯಾಗಿಯೇ ಹೇಳಿದ್ದರು, ತಪ್ಪನ್ನು ನಾವು ಅವರ ಬಾಯಿಗೆ ಹಾಕಿದೆವು.

ಇನ್ನೂ ಒಂದು ಲೋಪವುಂಟು. ಪ್ರವಚನದ ನಡುವಿನ ಕೆಮ್ಮು, ಹಿಂದೆ ಅಳುವ ಮಗು, ಸಭೆಯಲ್ಲಿ ಯಾರೋ ಎದ್ದು ಕೇಳಿದ ಶಂಕೆ, ಪಂಡಿತರು ಪಂಕ್ತಿಯನ್ನು ಮರೆತು ತಡವರಿಸಿ ಮತ್ತೆ ಹಿಡಿದದ್ದು: ಇವನ್ನೆಲ್ಲ ಕತ್ತರಿಸಿ ‘ಸುಂದರ’ವಾಗಿಸುವ ಚಪಲ. ಇವೇ ಆ ಸಭೆಯ ಸತ್ಯ. ಸುಮಧ್ವವಿಜಯದಲ್ಲಿ ಒಂದು ಪ್ರಸಂಗ ಬರುತ್ತದೆ. ತಂದೆಯವರು ಪುರಾಣ ಹೇಳುತ್ತ ಮರಗಳ ಹೆಸರುಗಳಿಗೆ ಅರ್ಥ ವಿವರಿಸುವಾಗ ‘ಲಿಕುಚ’ ಎಂಬ ಒಂದು ಶಬ್ದವನ್ನು ಬಿಟ್ಟು ಮುಂದೆ ಹೋದರು. ಸಭೆಯಲ್ಲಿ ಕುಳಿತಿದ್ದ ಬಾಲಕ ವಾಸುದೇವ ಅದನ್ನು ಹಿಡಿದು ಕೇಳಿದನು, ತಾನೇ ಅರ್ಥವನ್ನೂ ಹೇಳಿದನು. ಅಂದು ಆ ಸಭೆಯನ್ನು ಯಾರಾದರೂ ಮುದ್ರಿಸಿಕೊಂಡಿದ್ದು, ಇಂದಿನ ಶೋಧಕನೊಬ್ಬನ ಕೈಗೆ ಸಿಕ್ಕಿದ್ದರೆ, ನಡುವೆ ಮಾತಾಡಿದ ಮಗುವಿನ ಧ್ವನಿಯನ್ನೇ ಅವನು ಮೊದಲು ತೆಗೆದುಹಾಕುತ್ತಿದ್ದನು.

ವಸ್ತು ಹೇಗಿದೆಯೋ ಹಾಗೆಯೇ ವಿಷಯೀಕರಿಸುವುದು ಪ್ರಮಾಣ ಎಂಬುದು ನಮ್ಮ ಸಿದ್ಧಾಂತದ ಬುನಾದಿ. ಯಾಥಾರ್ಥ್ಯವೇ ಪ್ರಾಮಾಣ್ಯ. ಧ್ವನಿಭಂಡಾರದ ಪ್ರತಿಗೂ ಇದೇ ಅಳತೆ. ಅಂತರರಾಷ್ಟ್ರೀಯ ಧ್ವನಿಭಂಡಾರಗಳವರು ಒಪ್ಪಿಕೊಂಡ ಕ್ರಮವೂ ಹೀಗೆಯೇ ಇದೆ: ಮೊದಲ ಪ್ರತಿಯನ್ನು ಯಾವ ಸಂಸ್ಕಾರವೂ ಇಲ್ಲದೆ, ಸದ್ದುಗದ್ದಲಗಳೊಡನೆ, ಇದ್ದಂತೆಯೇ ತೆಗೆದಿಡತಕ್ಕದ್ದು, ಶೋಧಿಸುವುದಾದರೆ ಅದರ ಮತ್ತೊಂದು ಪ್ರತಿಯ ಮೇಲೆ, ಏನೇನು ಮಾಡಿದೆವೆಂದು ಬರೆದಿಟ್ಟು. ನಮ್ಮ ಪರಂಪರೆಯ ಮಟ್ಟಿಗೆ ಇದಕ್ಕೊಂದು ಮೇಲ್ಪಂಕ್ತಿಯೂ ಇದೆ. ಆಚಾರ್ಯರ ಸಾಕ್ಷಾತ್ ಶಿಷ್ಯರಾದ ಶ್ರೀಹೃಷೀಕೇಶತೀರ್ಥರು ಬರೆದ ಸರ್ವಮೂಲದ ತಾಳೆಗರಿಗಳು ಪಲಿಮಾರು ಮಠದ ಸ್ವತ್ತು. ಕಾಲಕ್ರಮದಲ್ಲಿ ಗರಿಗಳು ಕಪ್ಪಾಗಿ ಅಕ್ಷರ ಕಾಣದಂತಾಗಿದ್ದವು. 2005-06ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯ ಪಿ. ಆರ್. ಮುಕುಂದ್ ಮತ್ತು ರೋಜರ್ ಈಸ್ಟನ್ ಅವರ ತಂಡ ಕಣ್ಣಿಗೆ ಕಾಣದ ಅವರಕ್ತ ಬೆಳಕಿನಲ್ಲಿ ಅವುಗಳ ಚಿತ್ರ ತೆಗೆಯಿತು. ಯಾರೂ ಗರಿಯ ಮೇಲೆ ಅಕ್ಷರವನ್ನು ತಿದ್ದಿ ಬರೆಯಲಿಲ್ಲ. ಇದ್ದ ಅಕ್ಷರ ಕಾಣುವಂಥ ಬೆಳಕನ್ನು ಹಿಡಿದರು. ಧ್ವನಿಯಲ್ಲಿಯೂ ಇದನ್ನೇ ಮಾಡುವವರಿದ್ದಾರೆ. ಅಮೆರಿಕದ ಬರ್ಕ್ಲಿಯಲ್ಲಿ ಕಾರ್ಲ್ ಹೇಬರ್ ಎಂಬ ಭೌತವಿಜ್ಞಾನಿ, ಒಡೆದ ಮತ್ತು ಸವೆದ ಹಳೆಯ ರೆಕಾರ್ಡುಗಳನ್ನು ಮುಳ್ಳು ತಾಗಿಸದೆ, ಗೀರಿನ ಚಿತ್ರ ತೆಗೆದು ಅದರಿಂದಲೇ ಧ್ವನಿಯನ್ನು ಮರಳಿ ಪಡೆಯುವ ವಿಧಾನವನ್ನು ಸಿದ್ಧಗೊಳಿಸಿದರು.

ಇಲ್ಲಿ ಎರಡು ಶಂಕೆಗಳು ಏಳುತ್ತವೆ.

ಮೊದಲನೆಯದು: ವೇದವಿದ್ಯೆ ಗುರುಮುಖದಿಂದಲೇ ಬರತಕ್ಕದ್ದು, ಬರೆದಿಟ್ಟದ್ದನ್ನು ನೋಡಿ ಓದುವವನನ್ನೇ ಶಿಕ್ಷಾಗ್ರಂಥ ಅಧಮಪಾಠಕರಲ್ಲಿ ಎಣಿಸಿರುವಾಗ, ಯಂತ್ರದಿಂದ ಕಲಿಯುವವನ ಗತಿಯೇನು? ಆಕ್ಷೇಪ ಯುಕ್ತವೇ. ಯಂತ್ರ ಗುರುವಲ್ಲ, ಅದು ತಪ್ಪನ್ನು ತಿದ್ದುವುದಿಲ್ಲ, ಅಧಿಕಾರವನ್ನು ಪರೀಕ್ಷಿಸುವುದಿಲ್ಲ. ಉಪದೇಶದಿಂದಲೇ ಪಡೆಯಬೇಕಾದ ಮಂತ್ರಗಳನ್ನು ಬೀದಿಗೆ ಹಾಕಬೇಕೆಂದು ಯಾರೂ ಹೇಳುತ್ತಿಲ್ಲ. ಕಾಪಾಡುವುದು ಬೇರೆ, ಪ್ರಸಾರ ಮಾಡುವುದು ಬೇರೆ; ಭಂಡಾರದಲ್ಲಿಟ್ಟು ಬೀಗ ಹಾಕಲೂ ಬರುತ್ತದೆ. ಆದರೆ ಧ್ವನಿಮುದ್ರಿಕೆ ಗುರುವಿನ ಕಡೆಗೆ ಕೈತೋರಿಸಬಲ್ಲುದು. ಗದಗಿನ ಜೋಶಿಯವರ ಮನೆಯ ಹುಡುಗನೊಬ್ಬ ಅಬ್ದುಲ್ ಕರೀಂ ಖಾನ್ ಸಾಹೇಬರ ಠುಮ್ರಿಯ ರೆಕಾರ್ಡನ್ನು ಕೇಳಿದ. ಕೇಳಿ, ಆ ರೆಕಾರ್ಡಿನ ಮುಂದೆಯೇ ಕುಳಿತು ಕಲಿಯಲಿಲ್ಲ. ಮನೆ ಬಿಟ್ಟು ಗುರುವನ್ನು ಹುಡುಕಿಕೊಂಡು ಊರೂರು ಅಲೆದ. ಕೊನೆಗೆ ಅದೇ ಖಾನ್ ಸಾಹೇಬರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕುಂದಗೋಳದಲ್ಲಿ ಕಲಿತ. ಪಂಡಿತ ಭೀಮಸೇನ ಜೋಶಿಯವರು ಹೀಗೆ ಆದವರು. ಅವರು ಹಾಡಿದ ದಾಸವಾಣಿಯನ್ನು ಕೇಳದ ಕನ್ನಡಿಗರ ಮನೆ ಪುಣೆಯಲ್ಲಿಯೂ ಮುಂಬಯಿಯಲ್ಲಿಯೂ ಇರಲಾರದು.

ಎರಡನೆಯ ಶಂಕೆ: ಡಿಜಿಟಲ್ ಮಾಡಿಬಿಟ್ಟರೆ ಧ್ವನಿ ಶಾಶ್ವತವಾಯಿತೇ? ಇಲ್ಲ. ಅನಿತ್ಯವಾದ ವಸ್ತು ರೂಪ ಬದಲಾಯಿಸಿದ ಮಾತ್ರಕ್ಕೆ ನಿತ್ಯವಾಗದು. 2018ರ ಸೆಪ್ಟೆಂಬರಿನಲ್ಲಿ ಬ್ರೆಜಿಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬೆಂಕಿ ಬಿದ್ದಾಗ ಅಲ್ಲಿನ ಮೂಲನಿವಾಸಿಗಳ ಭಾಷೆಗಳ ಧ್ವನಿಮುದ್ರಿಕೆಗಳೂ ಸುಟ್ಟುಹೋದವು. ಅವುಗಳಲ್ಲಿ ಕೆಲವು ಭಾಷೆಗಳನ್ನು ಆಡುವವರು ಈಗ ಒಬ್ಬರೂ ಇಲ್ಲ. ಲಂಡನ್ನಿನ ಬ್ರಿಟಿಷ್ ಲೈಬ್ರರಿ ಮುಂಬಯಿಯ ‘ಯಂಗ್ ಇಂಡಿಯಾ’ ರೆಕಾರ್ಡುಗಳನ್ನು ಅಂಕರೂಪಕ್ಕೆ ತರುವ ಕೆಲಸಕ್ಕೆ ನೆರವಾಗಿತ್ತು. 1935ರಿಂದ 1955ರವರೆಗೆ ಮುಂಬಯಿಯಲ್ಲೇ ತಯಾರಾದ ಸ್ವದೇಶಿ ರೆಕಾರ್ಡುಗಳವು. ಅಂಥ ದೊಡ್ಡ ಸಂಸ್ಥೆಯ ಗಣಕವ್ಯವಸ್ಥೆಗೂ 2023ರ ಅಕ್ಟೋಬರಿನಲ್ಲಿ ದುಷ್ಟರು ನುಗ್ಗಿದರು. ಅಲ್ಲಿನ ಆನ್‌ಲೈನ್ ಧ್ವನಿಸಂಗ್ರಹ ಬಹುಕಾಲ ಯಾರಿಗೂ ದೊರೆಯದಂತಾಯಿತು. ಒಂದೇ ಕಡೆ ಇಟ್ಟದ್ದು ಇಟ್ಟಂತಲ್ಲ.

ಇದಕ್ಕೆ ಉಪಾಯವನ್ನು ನಮ್ಮ ವೈದಿಕರು ಎಂದೋ ಕಂಡುಕೊಂಡಿದ್ದರು. ಒಂದೇ ಮಂತ್ರವನ್ನು ಸಂಹಿತೆ, ಪದ, ಕ್ರಮ, ಜಟೆ, ಘನ ಎಂದು ಹಲವು ರೀತಿಯಲ್ಲಿ ಹೇಳುತ್ತಾರಷ್ಟೆ. ಜಟೆಯಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು. ಘನದಲ್ಲಿ ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು. ಯಾವುದೋ ಒಂದು ಪದ ಜಾರಿದರೆ ಹೆಣಿಗೆ ಕೂಡಲೆ ಬಿಚ್ಚಿ ತೋರಿಸುತ್ತದೆ. ಗಣಕಶಾಸ್ತ್ರಜ್ಞರು ಇದೇ ಕೆಲಸಕ್ಕೆ ‘ಚೆಕ್‌ಸಮ್’ ಎಂಬುದನ್ನು ಬಳಸುತ್ತಾರೆ. ಕಡತದ ಕೋಟ್ಯಂತರ ಅಂಕಿಗಳಿಂದ ಲೆಕ್ಕ ಹಾಕಿ ತೆಗೆದ ಒಂದು ಪುಟ್ಟ ಸಂಖ್ಯೆ ಅದು. ಕಡತದಲ್ಲಿ ಒಂದಂಕಿ ಕೆಟ್ಟರೂ ಮರುಲೆಕ್ಕದಲ್ಲಿ ಆ ಸಂಖ್ಯೆ ಹೊಂದುವುದಿಲ್ಲ. ನನ್ನ ರೈಲ್ವೆಯ ಸೇವಾವಧಿಯಲ್ಲಿ ಪ್ರತಿದಿನ ಕಂಡ ‘ಪ್ರೈವೇಟ್ ನಂಬರ್’ ಪದ್ಧತಿ ಇದರ ನೆರೆಯದೇ. ಒಂದು ಸ್ಟೇಷನ್ನಿನ ಮಾಸ್ತರರು ಮುಂದಿನ ಸ್ಟೇಷನ್ನಿಗೆ ಲೈನ್ ಕ್ಲಿಯರ್ ಕೊಡುವಾಗ ಬಾಯಿಮಾತಿನ ಜ್ಞಾನಕ್ಕೆ ಬೆಲೆಯಿಲ್ಲ. ಗುಪ್ತ ಹಾಳೆಯಲ್ಲಿನ ಸಂಖ್ಯೆಯೊಂದನ್ನು ಹೇಳಿ, ಆ ಕಡೆಯವರು ಅದನ್ನು ಬರೆದುಕೊಳ್ಳಬೇಕು. ಸಾವಿರ ಜೀವಗಳ ಹೊಣೆಯಿರುವಲ್ಲಿ ‘ಸರಿಯಾಗಿಯೇ ಕೇಳಿದೆ’ ಎಂಬ ಭರವಸೆ ಸಾಲದು.

ವೇದ ಉಳಿದದ್ದು ಹೆಣಿಗೆಯಿಂದ ಮಾತ್ರವಲ್ಲ, ಹಲವು ಬಾಯಿಗಳಲ್ಲಿ ಹಲವು ಊರುಗಳಲ್ಲಿ ಇದ್ದುದರಿಂದ. ಮಳೆಯಾಳದ ನಂಬೂದಿರಿಗಳಲ್ಲಿ ಉಳಿದದ್ದು ಬೇರೆಡೆ ಕ್ಷೀಣಿಸಿತ್ತು. 1975ರ ಏಪ್ರಿಲಿನಲ್ಲಿ ಪಾಂಜಾಳಿನಲ್ಲಿ ಅವರು ಅಗ್ನಿಚಯನವನ್ನು ಮಾಡಿದಾಗ ಡಚ್ ವಿದ್ವಾಂಸ ಸ್ಟಾಲ್ ಮತ್ತು ಸಂಗಡಿಗರು ಅದನ್ನು ಪೂರ್ತಿ ದಾಖಲಿಸಿದರು. 1983ರಲ್ಲಿ ಹೊರಬಂದ ಆ ಬೃಹದ್ಗ್ರಂಥದ ಜೊತೆಗೆ ಎರಡು ಕ್ಯಾಸೆಟ್ಟುಗಳೂ ಇದ್ದವು. ನಮ್ಮ ದೇಶದಲ್ಲಿಯೂ ಇಂಥ ಭಂಡಾರಗಳಿವೆ. 1982ರಲ್ಲಿ ಪುಣೆಯಲ್ಲಿ ಆರಂಭವಾಗಿ ಅನಂತರ ದೆಹಲಿಯ ಬಳಿಯ ಗುರುಗ್ರಾಮಕ್ಕೆ ಹೋದ ಜನಾಂಗಸಂಗೀತಶಾಸ್ತ್ರದ ಸಂಶೋಧನಕೇಂದ್ರ ಒಂದು. 1990ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಭಾರತೀಯ ರೆಕಾರ್ಡು ಸಂಗ್ರಾಹಕರ ಸಂಘ ಮತ್ತೊಂದು. ಆದರೆ ಯಾವ ಭಂಡಾರದವರೂ ನಮ್ಮ ಅಟ್ಟವನ್ನು ಹತ್ತಿ ನೋಡಲಾರರು.

ಋಷಿಗಳ ಋಣ ಅಧ್ಯಯನದಿಂದ ತೀರುತ್ತದೆಂದು ಶ್ರುತಿ ಹೇಳಿದೆ. ಅಧ್ಯಯನ ಮಾಡಲಾಗದ ನಮ್ಮಂಥ ನಗರವಾಸಿಗಳು ಕನಿಷ್ಠಪಕ್ಷ ಅಧ್ಯಯನ ಮಾಡಿದವರ ಧ್ವನಿಯನ್ನು ಕೆಡದಂತೆ ಮುಂದಿನವರಿಗೆ ಒಪ್ಪಿಸಬಹುದು. ಅದಕ್ಕೆ ದೊಡ್ಡ ದ್ರವ್ಯ ಬೇಕಾಗಿಲ್ಲ. ಬರುವ ಏಕಾದಶಿಯ ದಿನ, ಅಡಿಗೆಯ ಗೊಡವೆಯಿಲ್ಲದ ಮಧ್ಯಾಹ್ನ, ಆ ಡಬ್ಬಿಯನ್ನು ಕೆಳಗಿಳಿಸಿ. ಯಾವ ಕ್ಯಾಸೆಟ್ಟನ್ನೂ ಆಗಲೇ ಯಂತ್ರಕ್ಕೆ ಹಾಕಬೇಡಿ. ಹಳೆಯ ಯಂತ್ರದ ಕೊಳೆಯ ಹಲ್ಲಿಗೆ ಸಿಕ್ಕರೆ ಇರುವ ಒಂದೇ ಪ್ರತಿ ಕ್ಷಣದಲ್ಲಿ ಹರಿದೀತು. ಕ್ಯಾಸೆಟ್ಟಿನ ಹಿಂಬದಿಯ ಎರಡು ಪುಟ್ಟ ಪ್ಲಾಸ್ಟಿಕ್ ತುಣುಕುಗಳನ್ನು ಮುರಿದುಬಿಡಿ, ಅದರ ಮೇಲೆ ಇನ್ನೊಂದು ಮುದ್ರಣವಾಗದು. ಅರಗಿನ ರೆಕಾರ್ಡುಗಳಿದ್ದರೆ ಸ್ಪಿರಿಟ್ಟಿನಿಂದ ಒರೆಸಬೇಡಿ, ಅರಗು ಕರಗುತ್ತದೆ. ಅವನ್ನು ಒಂದರ ಮೇಲೊಂದು ಮಲಗಿಸದೆ ನಿಲ್ಲಿಸಿ ಇಡಿ. ಫ್ರಿಜ್ಜಿನ ಮೇಲೆ, ಸ್ಪೀಕರಿನ ಪಕ್ಕದಲ್ಲಿ ಟೇಪನ್ನು ಇಡಬೇಡಿ. ಪ್ರತಿ ತೆಗೆಯುವುದನ್ನು ಬಲ್ಲವರಿಗೆ ವಹಿಸಿ, ಶೋಧಿಸದ ಮೂಲಪ್ರತಿಯನ್ನು ತಪ್ಪದೆ ಕೇಳಿ ಪಡೆಯಿರಿ. ಅದನ್ನು ಎರಡು ಮೂರು ಕಡೆ, ಬೇರೆ ಬೇರೆ ಊರಿನ ಮಕ್ಕಳ ಮನೆಗಳಲ್ಲಿ ಇರಿಸಿ.

ಇದೆಲ್ಲಕ್ಕಿಂತ ಮೊದಲು ಅಂಕಿತದ ಕೆಲಸ. ಪ್ರತಿಯೊಂದು ಕ್ಯಾಸೆಟ್ಟಿನ ಜೊತೆಗೆ ಒಂದು ಚೀಟಿ ಬರೆಯಿರಿ: ಯಾರ ಧ್ವನಿ, ಯಾವ ಊರು, ಯಾವ ಮನೆ ಅಥವಾ ಮಠ, ಯಾವ ವರ್ಷ, ಏನನ್ನು ಹೇಳುತ್ತಿದ್ದಾರೆ, ಹಿನ್ನೆಲೆಯಲ್ಲಿ ಪ್ರಶ್ನೆ ಕೇಳುವವರು ಯಾರು. ಟೇಪು ಇನ್ನೂ ಕೆಲವು ವರ್ಷ ಬಾಳೀತು. ಆ ಧ್ವನಿ ಸೋದರಮಾವನದೋ ಚಿಕ್ಕಪ್ಪನದೋ ಎಂದು ಕೇಳಿದ ಕೂಡಲೆ ಗುರುತಿಸಬಲ್ಲ ತಾಯಂದಿರು ಮನೆಯಲ್ಲಿ ಎಂಬತ್ತು ದಾಟಿದ್ದಾರೆ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಚೀಟಿಗಳನ್ನು ಬರೆಯಿರಿ.

॥ ಶ್ರೀಕೃಷ್ಣಾರ್ಪಣಮಸ್ತು ॥